ಹೆಬ್ಬೆರಳಿಗೆ ಸುಲಿಯುವ ಸಿಪ್ಪೆ: ಹೊಸ ಆಲೂಗೆಡ್ಡೆ ಬಗ್ಗೆ ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಅಂಕಣ ಪೂರ್ತಿ ಆಲೂಗೆಡ್ಡೆಗೆ ಮೀಸಲು. ಬೆಳೆಯುವವರು, ಮಾರುವವರು, ಅಡುಗೆಮನೆಯವರು ಮೂರೂ ಕಡೆಯಿಂದ ಪ್ರಶ್ನೆಗಳು ಬಂದಿವೆ. ಒಂದೇ ಬಗೆಯ ಪತ್ರಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ತರಕಾರಿ ಅಂಗಡಿಯಲ್ಲಿ ಗೋಲಿ ಗಾತ್ರದ ಗೆಡ್ಡೆ ತೋರಿಸಿ "ಹೊಸ ಆಲೂಗೆಡ್ಡೆ" ಎಂದು ಹೆಚ್ಚು ದರ ಹೇಳುತ್ತಾರೆ. ಸಣ್ಣದೆಲ್ಲ ಹೊಸದೇ? (ಕುವೆಂಪುನಗರ, ಮೈಸೂರು)

ಉತ್ತರ: ಅಲ್ಲ. ಗಾತ್ರ ಬೇರೆ, ಎಳೆತನ ಬೇರೆ. ಗಿಡ ಇನ್ನೂ ಹಸಿರಾಗಿರುವಾಗಲೇ, ಸಿಪ್ಪೆ ಬಲಿಯುವ ಮೊದಲೇ ಕಿತ್ತ ಗೆಡ್ಡೆ ಹೊಸ ಆಲೂಗೆಡ್ಡೆ. ಅದು ನಿಂಬೆಹಣ್ಣಿಗಿಂತ ದಪ್ಪ ಇದ್ದರೂ ಹೊಸದೇ. ಪೂರ್ತಿ ಬಲಿತ ಬೆಳೆಯನ್ನು ಕಿತ್ತು, ದಪ್ಪ-ಮಧ್ಯಮ ಬೇರೆ ಮಾಡಿದ ಮೇಲೆ ಉಳಿಯುವ ಗೋಲಿ ಗಾತ್ರದವು ಬರೀ ಸಣ್ಣ ಗೆಡ್ಡೆಗಳು. ಅವು ಆರು ತಿಂಗಳು ಶೈತ್ಯಾಗಾರದಲ್ಲಿ ಇದ್ದು ಬಂದಿರಲೂಬಹುದು.

ಪರೀಕ್ಷೆ ಸುಲಭ. ಗೆಡ್ಡೆಯನ್ನು ಅಂಗೈಯಲ್ಲಿಟ್ಟು ಹೆಬ್ಬೆರಳಿನಿಂದ ಒತ್ತಿ ಉಜ್ಜಿ. ಈರುಳ್ಳಿಯ ಒಳಪೊರೆಯಂತೆ ತೆಳ್ಳಗೆ ಸುಲಿದು ಬಂದರೆ ಹೊಸದು. ಬೆರಳು ಜಾರಿ ಸಿಪ್ಪೆ ಅಲ್ಲೇ ಕೂತರೆ ಬಲಿತದ್ದು. ಉಗುರಿನಿಂದ ಗೀರಿದರೆ ಹೊಸ ಗೆಡ್ಡೆಯಲ್ಲಿ ತಕ್ಷಣ ನೀರು ಜಿನುಗುತ್ತದೆ. ಈ ಅಂಕಣದಲ್ಲಿ ಮುಂದೆ ಬರುವ ಎಲ್ಲ ಉತ್ತರಗಳೂ, ಕೀಳುವುದಿರಲಿ, ಸಾಗಿಸುವುದಿರಲಿ, ಬೇಯಿಸುವುದಿರಲಿ, ಈ ತೆಳು ಸಿಪ್ಪೆಯ ಸುತ್ತಲೇ ಸುತ್ತುತ್ತವೆ.

ಪ್ರಶ್ನೆ: ನಮ್ಮದು ಕೊಳವೆಬಾವಿಯ ಅರ್ಧ ಎಕರೆ ಕೆಂಪು ಮಣ್ಣಿನ ಹೊಲ. ಸಂಕ್ರಾಂತಿ ಹೊತ್ತಿಗೆ ಎಳೆ ಗೆಡ್ಡೆ ಕಿತ್ತು ಮಾರಬೇಕೆಂದಿದ್ದೇವೆ. ಯಾವಾಗ ಬಿತ್ತಬೇಕು, ಎಷ್ಟು ಬೀಜ ಬೇಕು, ಗೊಬ್ಬರ-ನೀರಿನ ಲೆಕ್ಕ ಏನು? (ಕೆ.ಆರ್. ಪೇಟೆ ತಾಲ್ಲೂಕು)

ಉತ್ತರ: ಸಂಕ್ರಾಂತಿಯಿಂದ ಹಿಂದಕ್ಕೆ ಎಣಿಸಿ. ನೆಟ್ಟ 65ರಿಂದ 75 ದಿನಕ್ಕೆ ಎಳೆ ಗೆಡ್ಡೆ ಸಿಗುತ್ತದೆ. ಹಾಗಾಗಿ ನವೆಂಬರ್ ಮೊದಲ ವಾರದೊಳಗೆ ನಾಟಿ ಮುಗಿಯಬೇಕು. ನಿಮ್ಮ ಆಯ್ಕೆ ಸರಿಯಾಗಿದೆ. ಗೆಡ್ಡೆ ಕಟ್ಟಲು ರಾತ್ರಿಯ ತಂಪು ಬೇಕು, ರಾತ್ರಿ ಉಷ್ಣಾಂಶ 20 ಡಿಗ್ರಿ ದಾಟಿದಷ್ಟೂ ಗಿಡ ಸೊಪ್ಪಿಗೆ ಹೋಗುತ್ತದೆ, ಗೆಡ್ಡೆ ಕಡಿಮೆಯಾಗುತ್ತದೆ. ನಮ್ಮ ಸೀಮೆಯಲ್ಲಿ ಆ ತಂಪು ನವೆಂಬರ್‌ನಿಂದ ಜನವರಿವರೆಗೆ ಚೆನ್ನಾಗಿ ಸಿಗುತ್ತದೆ.

ತಳಿಯ ವಿಷಯ. ಹಾಸನದ ಕಡೆ ಬಹುಕಾಲದಿಂದ ನಡೆದು ಬಂದಿರುವುದು ಕುಫ್ರಿ ಜ್ಯೋತಿ. 1968ರಲ್ಲಿ ಬಿಡುಗಡೆಯಾದ ಈ ತಳಿ ಬಲಿಯಲು 90ರಿಂದ 110 ದಿನ ತೆಗೆದುಕೊಳ್ಳುತ್ತದೆ. ಎಳೆಯದಾಗಿ ಕೀಳುವುದಕ್ಕೆ ಬೇಗ ಗೆಡ್ಡೆ ಕಟ್ಟುವ ಕುಫ್ರಿ ಚಂದ್ರಮುಖಿ ಅಥವಾ ಕುಫ್ರಿ ಪುಖರಾಜ್ ಹೆಚ್ಚು ಒಪ್ಪುತ್ತವೆ. ಜ್ಯೋತಿಯೇ ಸಿಕ್ಕಿದರೆ ಒಂದು ವಾರ ಮುಂಚೆ ನೆಡಿ. ತಳಿಗಳ ಹೆಸರಿನ ಮುಂದಿರುವ ಕುಫ್ರಿ, ಶಿಮ್ಲಾ ಬಳಿಯ ಊರು. ಕೇಂದ್ರೀಯ ಆಲೂಗೆಡ್ಡೆ ಸಂಶೋಧನಾ ಸಂಸ್ಥೆ ಇರುವುದು ಶಿಮ್ಲಾದಲ್ಲಿ.

ಅರ್ಧ ಎಕರೆಗೆ ಮೂರೂವರೆಯಿಂದ ನಾಲ್ಕು ಕ್ವಿಂಟಲ್ ಬಿತ್ತನೆ ಗೆಡ್ಡೆ ಬೇಕಾಗುತ್ತದೆ. ಶೈತ್ಯಾಗಾರದಿಂದ ತಂದ ಗೆಡ್ಡೆಯನ್ನು ಅದೇ ದಿನ ನೆಡಬೇಡಿ. ನೆರಳಿರುವ, ಗಾಳಿಯಾಡುವ, ಬೆಳಕು ಪರೋಕ್ಷವಾಗಿ ಬೀಳುವ ಜಾಗದಲ್ಲಿ ಎರಡು ಪದರಕ್ಕಿಂತ ಹೆಚ್ಚಾಗದಂತೆ 10ರಿಂದ 15 ದಿನ ಹರಡಿ. ಹಸಿರು ಬಣ್ಣದ ಗಿಡ್ಡ, ಗಟ್ಟಿ ಮೊಳಕೆ ಬರಬೇಕು. ಕತ್ತಲ ಕೋಣೆಯಲ್ಲಿಟ್ಟರೆ ಉದ್ದನೆಯ ಬಿಳಿ ಮೊಳಕೆ ಬಂದು, ನೆಡುವಾಗ ಕೈ ತಾಗಿದರೆ ಮುರಿಯುತ್ತದೆ. 40 ಗ್ರಾಂ ಒಳಗಿನ ಗೆಡ್ಡೆಯನ್ನು ಇಡಿಯಾಗಿ ನೆಡಿ. ದಪ್ಪದ್ದನ್ನು 25-30 ಗ್ರಾಂನ ಹೋಳುಗಳಾಗಿ, ಪ್ರತಿ ಹೋಳಿಗೆ ಕನಿಷ್ಠ ಎರಡು ಕಣ್ಣು ಇರುವಂತೆ ಉದ್ದುದ್ದ ಕತ್ತರಿಸಿ. ಒಳಗೆ ಕಂದು ಉಂಗುರವೋ ಕೊಳೆಯೋ ಕಂಡ ಗೆಡ್ಡೆಯನ್ನು ಎಸೆದು, ಮುಂದಿನದನ್ನು ಮುಟ್ಟುವ ಮೊದಲು ಕತ್ತಿಯನ್ನು ಸೋಂಕುನಿವಾರಕದಲ್ಲಿ ಅದ್ದಿ. ಒಂದು ರೋಗದ ಗೆಡ್ಡೆ ಕತ್ತಿಯ ಮೂಲಕವೇ ನೂರು ಹೋಳಿಗೆ ಅಂಟುತ್ತದೆ. ಹೋಳುಗಳನ್ನು ಲೀಟರಿಗೆ 3 ಗ್ರಾಂ ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕ ಬೆರೆಸಿದ ನೀರಿನಲ್ಲಿ ಅದ್ದಿ ತೆಗೆದು, ಒಂದೆರಡು ದಿನ ನೆರಳಲ್ಲಿ ಆರಿಸಿ. ಕತ್ತರಿಸಿದ ಮುಖ ಒಣಗಿ ಪೊರೆ ಕಟ್ಟಿದ ಮೇಲೆ ನೆಟ್ಟರೆ ಕೊಳೆಯುವುದಿಲ್ಲ. ಬೆಳಿಗ್ಗೆ ಕತ್ತರಿಸಿ ಮಧ್ಯಾಹ್ನ ನೆಡುವ ಆತುರದಿಂದಲೇ ಎಷ್ಟೋ ಹೊಲಗಳಲ್ಲಿ ಸಾಲು ನಡುನಡುವೆ ಬೋಳಾಗುತ್ತದೆ.

ಸಾಲಿಂದ ಸಾಲಿಗೆ 2 ಅಡಿ, ಗೆಡ್ಡೆಯಿಂದ ಗೆಡ್ಡೆಗೆ 9 ಅಂಗುಲ, ಆಳ 2-3 ಅಂಗುಲ. ಸಣ್ಣ ಗೆಡ್ಡೆಗೇ ಗಿರಾಕಿ ಇದ್ದರೆ ಅಂತರವನ್ನು 6 ಅಂಗುಲಕ್ಕೆ ಇಳಿಸಬಹುದು. ಆಗ ಬೀಜದ ಖರ್ಚು ಏರುತ್ತದೆ ಎಂಬುದು ನೆನಪಿರಲಿ.

ಕೊಟ್ಟಿಗೆ ಗೊಬ್ಬರ 5 ಟನ್, ಅಂದರೆ ಸುಮಾರು ಎರಡು ಟ್ರ್ಯಾಕ್ಟರ್ ಲೋಡ್, ಪೂರ್ತಿ ಕಳಿತದ್ದು. ಹಸಿ ಗೊಬ್ಬರ ಹಾಕಿದರೆ ಗೊಣ್ಣೆಹುಳು ಬರುತ್ತದೆ, ಅದು ಗೆಡ್ಡೆಗೆ ತೂತು ಕೊರೆಯುತ್ತದೆ. ಮಣ್ಣು ಪರೀಕ್ಷೆಯ ಚೀಟಿ ಇದ್ದರೆ ಅದರಂತೆ ನಡೆಯಿರಿ. ಇಲ್ಲದಿದ್ದರೆ ಎಕರೆಗೆ 50 ಕೆ.ಜಿ. ಸಾರಜನಕ, 40 ರಂಜಕ, 50 ಪೊಟ್ಯಾಷ್ ಎಂಬ ಲೆಕ್ಕದಲ್ಲಿ ನಿಮ್ಮ ಅರ್ಧ ಎಕರೆಗೆ ಡಿಎಪಿ 43 ಕೆ.ಜಿ., ಯೂರಿಯಾ 37 ಕೆ.ಜಿ., ಮ್ಯೂರಿಯೇಟ್ ಆಫ್ ಪೊಟ್ಯಾಷ್ 41 ಕೆ.ಜಿ. ಆಗುತ್ತದೆ. ಡಿಎಪಿ, ಪೊಟ್ಯಾಷ್ ಪೂರ್ತಿ, ಯೂರಿಯಾ ಅರ್ಧ ನಾಟಿಗೆ. ಉಳಿದ ಯೂರಿಯಾ 25-30ನೇ ದಿನ ಮಣ್ಣು ಏರಿಸುವಾಗ. ಗಿಡ ಹಸಿರಾಗಿ ಕಾಣಲಿ ಎಂದು ಅದಕ್ಕಿಂತ ಹೆಚ್ಚು ಯೂರಿಯಾ ಹಾಕಿದರೆ ಸೊಪ್ಪು ಬೆಳೆದು ಗೆಡ್ಡೆ ತಡವಾಗುತ್ತದೆ. ಬೇಗ ಕೀಳಬೇಕೆಂದು ಹೊರಟವರಿಗೆ ಇದರಷ್ಟು ದೊಡ್ಡ ನಷ್ಟ ಬೇರೆ ಇಲ್ಲ.

ಮಣ್ಣು ಏರಿಸುವ ಕೆಲಸವನ್ನು ಮುಂದೂಡಬೇಡಿ. ಗಿಡ 6-8 ಅಂಗುಲ ಇರುವಾಗ ಬುಡಕ್ಕೆ ಚೆನ್ನಾಗಿ ಮಣ್ಣು ಕೊಡಿ. ಗೆಡ್ಡೆ ಕಟ್ಟುವುದು ಬೇರಿನಲ್ಲಲ್ಲ, ಕಾಂಡದ ಬುಡದಿಂದ ಮಣ್ಣೊಳಗೆ ಅಡ್ಡ ಹೊರಡುವ ಬಿಳಿ ಎಳೆಗಳ ತುದಿಯಲ್ಲಿ. ಆ ಎಳೆ ಮಣ್ಣಿನಿಂದ ಹೊರಬಂದರೆ ಎಲೆ ಬಿಟ್ಟು ಕೊಂಬೆಯಾಗುತ್ತದೆ. ಕಟ್ಟಿದ ಗೆಡ್ಡೆಗೆ ಬಿಸಿಲು ತಾಗಿದರೆ ಹಸಿರಾಗುತ್ತದೆ.

ನೀರು 5ರಿಂದ 7 ದಿನಕ್ಕೊಮ್ಮೆ, ದಿಂಡಿನ, ಅಂದರೆ ಬುಡಕ್ಕೆ ಏರಿಸಿದ ಮಣ್ಣಿನ ಏರಿಯ, ಮುಕ್ಕಾಲು ಎತ್ತರ ಮುಟ್ಟುವಷ್ಟು ಮಾತ್ರ. ದಿಂಡಿನ ತಲೆ ಮುಳುಗಿದರೆ ಮಣ್ಣು ಗಟ್ಟಿ ಕಚ್ಚುತ್ತದೆ. 25ನೇ ದಿನದಿಂದ 45ನೇ ದಿನದವರೆಗೆ ಒಂದು ನೀರೂ ತಪ್ಪಬಾರದು, ಎಷ್ಟು ಗೆಡ್ಡೆ ಕಟ್ಟಬೇಕು ಎಂಬುದು ಆಗಲೇ ತೀರ್ಮಾನವಾಗುವುದು. ಒಣಗಿಸಿ ಒಮ್ಮೆಲೇ ತುಂಬ ನೀರು ಕೊಟ್ಟರೆ ಗೆಡ್ಡೆ ಸೀಳುತ್ತದೆ, ಸೊಟ್ಟ ಗುಬುಟು ಬರುತ್ತದೆ. ಹನಿ ನೀರಾವರಿ ಇದ್ದರೆ ಈ ತೊಂದರೆ ಬಹುಪಾಲು ಇರುವುದಿಲ್ಲ.

ಪ್ರಶ್ನೆ: ಸೆಪ್ಟೆಂಬರ್‌ನಲ್ಲಿ ನಮ್ಮ ಹೊಲದಲ್ಲೇ ಕಿತ್ತ ಗೆಡ್ಡೆಯನ್ನು ಅಕ್ಟೋಬರ್ ಮೊದಲ ವಾರ ನೆಟ್ಟೆವು. ತಿಂಗಳಾದರೂ ಕಾಲು ಭಾಗವೂ ಮೊಳೆತಿಲ್ಲ. ಮಣ್ಣಿನ ದೋಷವೇ? (ಹುಣಸೂರು ತಾಲ್ಲೂಕು)

ಉತ್ತರ: ಮಣ್ಣಿನದಲ್ಲ, ಗೆಡ್ಡೆಯ ನಿದ್ದೆಯದು. ಕಿತ್ತ ಮೇಲೆ ಆರರಿಂದ ಎಂಟು ವಾರ ಆಲೂಗೆಡ್ಡೆ ಸಹಜವಾಗಿ ಮೊಳೆಯುವುದಿಲ್ಲ. ಎಳೆಯದಾಗಿ ಕಿತ್ತಿದ್ದರೆ ಈ ಅವಧಿ ಇನ್ನೂ ಉದ್ದವಾಗುತ್ತದೆ. ಮೊಳಕೆ ಕಣ್ಣಿಗೆ ಕಾಣದ ಗೆಡ್ಡೆಯನ್ನು ಎಂದೂ ನೆಡಬೇಡಿ. ಈಗ ಮಣ್ಣಲ್ಲಿರುವುದನ್ನು ಅಲ್ಲಲ್ಲಿ ಅಗೆದು ನೋಡಿ. ಗಟ್ಟಿಯಾಗಿದ್ದರೆ ತೇವ ಹಿತಮಿತವಾಗಿಟ್ಟು ಎರಡು ವಾರ ಕಾಯಿರಿ, ಮೆತ್ತಗಾಗಿ ವಾಸನೆ ಬಂದರೆ ಆ ಸಾಲು ಬಿಟ್ಟುಬಿಡಿ. ಇನ್ನೊಂದು ಮಾತು. ಮನೆಯ ಗೆಡ್ಡೆಯನ್ನೇ ವರ್ಷ ವರ್ಷ ಬೀಜಕ್ಕೆ ಬಳಸಿದರೆ ನಂಜುರೋಗ (ವೈರಸ್) ಸೇರಿಕೊಂಡು ಎಲೆ ಮುದುರಿ ಇಳುವರಿ ಕುಸಿಯುತ್ತದೆ. ಪಂಜಾಬಿನ ಬಯಲಿನಿಂದ ಬಿತ್ತನೆ ಗೆಡ್ಡೆ ತರಿಸುವುದು ಸುಮ್ಮನೆ ಅಲ್ಲ. ಅಲ್ಲಿ ಚಳಿಗಾಲದಲ್ಲಿ ನಂಜು ಹರಡುವ ಸಸ್ಯಹೇನು ಕಡಿಮೆ ಇರುವ ಅವಧಿಯಲ್ಲಿ ಬೀಜದ ಬೆಳೆ ತೆಗೆಯುತ್ತಾರೆ.

ಪ್ರಶ್ನೆ: ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಗದ್ದೆಯಲ್ಲಿ ಭತ್ತ ಕೊಯ್ದ ಮೇಲೆ ಆಲೂಗೆಡ್ಡೆ ಹಾಕಬಹುದೇ? ಅಕ್ಕಪಕ್ಕದವರು ಕೊಳೆಯುತ್ತದೆ ಎನ್ನುತ್ತಾರೆ. (ಮಂಡ್ಯ ತಾಲ್ಲೂಕು)

ಉತ್ತರ: ಅವರ ಮಾತಿನಲ್ಲಿ ಹುರುಳಿದೆ. ಕೆಸರು ಮಾಡಿದ ಗದ್ದೆಯ ಮಣ್ಣು ಒಣಗಿದ ಮೇಲೆ ಹೆಂಟೆ ಕಟ್ಟುತ್ತದೆ, ಅರ್ಧ ಅಡಿ ಕೆಳಗೆ ಗಟ್ಟಿ ಪದರ ಇರುತ್ತದೆ, ನೀರು ಇಳಿಯುವುದಿಲ್ಲ. ಆಲೂಗೆಡ್ಡೆ ಉಸಿರಾಡುವ ಬೆಳೆ. ಒಂದು ಇಡೀ ದಿನ ನೀರು ನಿಂತರೂ ಗೆಡ್ಡೆಯ ಮೇಲಿನ ಸಣ್ಣ ರಂಧ್ರಗಳು ಬಾಯಿ ಬಿಟ್ಟು ಬಿಳಿ ಚುಕ್ಕೆಗಳಂತೆ ಉಬ್ಬುತ್ತವೆ, ಕೊಳೆರೋಗ ಒಳಹೊಗುವುದು ಅಲ್ಲಿಂದಲೇ. ಪಕ್ಕದ ಗದ್ದೆಗೆ ನಾಲೆಯ ನೀರು ಬಿಟ್ಟಾಗ ನಿಮ್ಮಲ್ಲಿಗೂ ಜಿನುಗುವುದಾದರೆ ಈ ಆಸೆ ಬಿಡುವುದು ಒಳ್ಳೆಯದು. ಎತ್ತರದ, ಮರಳು ಮಿಶ್ರಿತ ತಾಕು ಇದ್ದರೆ ಮೊದಲ ವರ್ಷ ಎರಡು ಗುಂಟೆಯಲ್ಲಿ ಮಾತ್ರ, ಮುಕ್ಕಾಲು ಅಡಿಗೆ ಕಡಿಮೆಯಿಲ್ಲದ ದಿಂಡು ಎತ್ತಿ, ಕೊನೆಯಲ್ಲಿ ಬಸಿಗಾಲುವೆ ತೆಗೆದು ನೋಡಿ. ಅದರ ಹಿಂದಿನ ಬೆಳೆ ಟೊಮ್ಯಾಟೊ, ಬದನೆ, ಮೆಣಸಿನಕಾಯಿ ಆಗಿರಬಾರದು. ಎಲ್ಲವೂ ಒಂದೇ ಕುಲ, ರೋಗವೂ ಒಂದೇ.

ಆ ರೋಗ ದುಂಡಾಣು ಸೊರಗು. ಮಧ್ಯಾಹ್ನ ಹಸಿರು ಎಲೆಯಲ್ಲೇ ಗಿಡ ಜೋತುಬಿದ್ದರೆ ಬುಡದ ಕಾಂಡವನ್ನು ಕತ್ತರಿಸಿ, ಗಾಜಿನ ಲೋಟದ ತಿಳಿ ನೀರಿನಲ್ಲಿ ತುದಿ ಮುಳುಗುವಂತೆ ಹಿಡಿಯಿರಿ. ಕೆಲ ನಿಮಿಷದಲ್ಲಿ ಹಾಲಿನಂಥ ಎಳೆ ಕೆಳಗಿಳಿದರೆ ಅದೇ ರೋಗ. ಔಷಧ ಸಿಂಪಡಿಸಿ ಪ್ರಯೋಜನವಿಲ್ಲ. ಗಿಡವನ್ನು ಮಣ್ಣು ಸಮೇತ ಕಿತ್ತು ಹೊಲದಾಚೆ ಹಾಕಿ. ಮುಂದೆ ಎರಡು-ಮೂರು ವರ್ಷ ರಾಗಿ, ಮುಸುಕಿನ ಜೋಳದಂಥ ಬೆಳೆ ತೆಗೆಯಿರಿ.

ಪ್ರಶ್ನೆ: ಮುಂಗಾರಿನಲ್ಲಿ ಹಾಕಿದ ಬೆಳೆ 45 ದಿನಕ್ಕೆ ನಾಲ್ಕೇ ದಿನದಲ್ಲಿ ಸುಟ್ಟಂತೆ ಕಪ್ಪಾಯಿತು. ಔಷಧ ಹೊಡೆದರೂ ನಿಲ್ಲಲಿಲ್ಲ. ಆ ಗೆಡ್ಡೆಯನ್ನು ಎಳೆಯದಾಗಿಯೇ ಕಿತ್ತು ಮಾರಬಹುದಿತ್ತೇ? (ಪಿರಿಯಾಪಟ್ಟಣ)

ಉತ್ತರ: ನಿಮ್ಮದು ಅಂಗಮಾರಿ. ಮೋಡ, ಜಿಟಿಜಿಟಿ ಮಳೆ, 20 ಡಿಗ್ರಿ ಆಸುಪಾಸಿನ ತಂಪು, ಎಲೆ ಹೊತ್ತೆಲ್ಲ ಒದ್ದೆ, ಇವು ಕೂಡಿದರೆ ಅದು ಬೆಂಕಿಯಂತೆ ಹಬ್ಬುತ್ತದೆ. ಎಲೆಯ ಅಂಚಿನಲ್ಲಿ ನೀರು ತುಂಬಿದಂಥ ಮಚ್ಚೆ ಮೊದಲು ಬರುತ್ತದೆ. ಬೆಳಿಗ್ಗೆ ಎಲೆ ಮಗುಚಿ ನೋಡಿದರೆ ಮಚ್ಚೆಯ ಸುತ್ತ ಬಿಳಿ ಬೂಷ್ಟು ಕಾಣಿಸುತ್ತದೆ. ಆ ಬೂಷ್ಟು ಕಂಡ ದಿನವೇ ಎದ್ದು ಓಡಾಡಬೇಕು, ಭಾನುವಾರ ಕಳೆಯಲಿ ಎನ್ನುವಂತಿಲ್ಲ.

ಔಷಧ ನಿಲ್ಲಿಸಲಿಲ್ಲ ಎಂದಿದ್ದೀರಿ. ಮ್ಯಾಂಕೋಜೆಬ್ ಎಲೆಯ ಮೇಲೆ ಕೂತು ಕಾಯುವ ಔಷಧ, ಲೀಟರಿಗೆ 2ರಿಂದ 2.5 ಗ್ರಾಂ. ರೋಗ ಬರುವ ಮೊದಲೇ, ಮೋಡ ಕವಿಯುತ್ತಿರುವಾಗಲೇ ಹೊಡೆದರೆ ಅದರಿಂದ ಉಪಯೋಗ. ಎಲೆಯೊಳಗೆ ರೋಗ ಸೇರಿದ ಮೇಲೆ ಸೈಮಾಕ್ಸಾನಿಲ್ ಅಥವಾ ಮೆಟಲಾಕ್ಸಿಲ್ ಜೊತೆ ಮ್ಯಾಂಕೋಜೆಬ್ ಇರುವ ಮಿಶ್ರಣ ಬೇಕು. ಒಂದೇ ಮಿಶ್ರಣವನ್ನು ಮತ್ತೆ ಮತ್ತೆ ಹೊಡೆದರೆ ರೋಗಾಣು ಅದಕ್ಕೆ ಒಗ್ಗಿಕೊಳ್ಳುತ್ತದೆ. ಎಲೆಯ ಅಡಿಭಾಗಕ್ಕೆ ತಾಗದ ಸಿಂಪಡಣೆ ಅರ್ಧ ಸಿಂಪಡಣೆ.

ಎಳೆ ಗೆಡ್ಡೆ ಮಾರುವವರು ಇಲ್ಲಿ ಒಂದು ವಿಷಯ ಗಮನಿಸಲೇಬೇಕು. ಪ್ರತಿ ಔಷಧದ ಡಬ್ಬಿಯ ಮೇಲೆ, ಕೊನೆಯ ಸಿಂಪಡಣೆಗೂ ಕೊಯ್ಲಿಗೂ ನಡುವೆ ಎಷ್ಟು ದಿನ ಬಿಡಬೇಕೆಂದು ಬರೆದಿರುತ್ತದೆ. ಕೆಲವಕ್ಕೆ ವಾರ-ಹತ್ತು ದಿನ, ಕೆಲವಕ್ಕೆ ತಿಂಗಳಿಗೂ ಮಿಕ್ಕಿ. 95 ದಿನಕ್ಕೆ ಕೀಳುವವರಿಗೆ ಸಲ್ಲುವ ಔಷಧ 65 ದಿನಕ್ಕೆ ಕೀಳುವವರಿಗೆ ಸಲ್ಲದೇ ಇರಬಹುದು. ಸಿಪ್ಪೆ ಸಮೇತ ತಿನ್ನುವ ಗೆಡ್ಡೆ ಇದು. ಆ ದಿನಗಳನ್ನು ಎಣಿಸಿಯೇ ಔಷಧ ಆರಿಸಿ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. 45 ದಿನಕ್ಕೆ ಸಿಗುವುದು ಹುಣಸೆಬೀಜದಿಂದ ನೆಲ್ಲಿಕಾಯಿವರೆಗಿನ ಗಾತ್ರ, ಕೂಲಿಯೂ ಹುಟ್ಟುವುದಿಲ್ಲ. 60 ದಿನ ದಾಟಿದ ಮೇಲೆ ರೋಗ ಬಂದಿದ್ದರೆ ಮಾತು ಬೇರೆ. ಆಗ ಕಪ್ಪಾದ ಸೊಪ್ಪನ್ನು ನೆಲಮಟ್ಟಕ್ಕೆ ಕೊಯ್ದು ಹೊಲದಾಚೆ ಸಾಗಿಸಿ, ಎರಡು ವಾರ ಬಿಟ್ಟು ಕೀಳುವುದೇ ಕ್ಷೇಮ. ರೋಗದ ಸೊಪ್ಪು ಮೇಲಿರುವಾಗ ಎಳೆ ಗೆಡ್ಡೆ ಕಿತ್ತರೆ, ಬೀಜಾಣು ಉದುರಿ ತೆಳು ಸಿಪ್ಪೆಯ ಗಾಯಗಳ ಮೂಲಕ ಒಳಸೇರಿ ಚೀಲದಲ್ಲೇ ಕಂದು ಕೊಳೆ ಶುರುವಾಗುತ್ತದೆ.

ಪ್ರಶ್ನೆ: ಎಳೆ ಗೆಡ್ಡೆ ಕಿತ್ತು ಬಂಡೀಪಾಳ್ಯ ಎಪಿಎಂಸಿಗೆ ಹಾಕಿದೆವು. ಬೆಳಿಗ್ಗೆ ಹೊತ್ತಿಗೆ ಗೆಡ್ಡೆಯೆಲ್ಲ ಕಂದು ಮಚ್ಚೆ. ದರ ಅರ್ಧಕ್ಕಿಳಿಯಿತು. ಎಲ್ಲಿ ತಪ್ಪಿದೆವು? ಎಳೆಯದಾಗಿ ಕೀಳುವುದು ಲಾಭವೇ? (ಕೆ.ಆರ್. ನಗರ ತಾಲ್ಲೂಕು)

ಉತ್ತರ: ಮೊದಲು ಲಾಭದ ಲೆಕ್ಕ. ಪೂರ್ತಿ ಬಲಿತರೆ 80 ಕ್ವಿಂಟಲ್ ಕೊಡುವ ಹೊಲ 65ನೇ ದಿನಕ್ಕೆ 48 ಕ್ವಿಂಟಲ್ ಕೊಟ್ಟಿತು ಎಂದಿಟ್ಟುಕೊಳ್ಳಿ. ಆಗ ಎಳೆಯದಕ್ಕೆ ಬಲಿತದ್ದರ ಸುಮಾರು 1.67 ಪಟ್ಟು ದರ ಸಿಕ್ಕಿದರೆ ಮಾತ್ರ ಹಣ ಸರಿಸಮ. ಉಳಿದ ಮೂವತ್ತು ದಿನದ ನೀರು, ಔಷಧ ಉಳಿಯಿತು, ಹೊಲ ಬೇಗ ತೆರವಾಯಿತು ಎಂಬುದು ನಿಮ್ಮ ಕಡೆಯ ತಕ್ಕಡಿಗೆ. ಕೀಳುವ ಕೂಲಿ, ನಾಜೂಕಾಗಿ ಸಾಗಿಸುವ ಖರ್ಚು ಎದುರು ಕಡೆಯ ತಕ್ಕಡಿಗೆ. ನಿಮ್ಮ ಹೊಲದ ಅಂಕಿ ತಿಳಿಯಲು 60ನೇ ದಿನ ಬೇರೆ ಬೇರೆ ಕಡೆ ಐದು ಬುಡ ಅಗೆದು ತೂಗಿ. ಹೂವು ನೋಡಿ ನಿರ್ಧರಿಸಬೇಡಿ, ನಮ್ಮ ಬಯಲಿನಲ್ಲಿ ಎಷ್ಟೋ ಗಿಡ ಮೊಗ್ಗಿನಲ್ಲೇ ಉದುರಿಸಿಬಿಡುತ್ತದೆ.

ಇಡೀ ಹೊಲವನ್ನು ಒಂದೇ ದಿನ ಕಿತ್ತು ಮಂಡಿಗೆ ಹಾಕುವುದಕ್ಕೆ ಹೊಸ ಗೆಡ್ಡೆ ಒಪ್ಪುವುದಿಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. ಮಂಡಿಯಲ್ಲಿ ದರ ಕಟ್ಟುವುದು ಗಾತ್ರ ಮತ್ತು ಬಾಳಿಕೆ ನೋಡಿ. ಎಳೆತನಕ್ಕೆ ಬೆಲೆ ಕೊಡುವವರು ಹೋಟೆಲಿನವರು, ಮೆಸ್‌ನವರು, ಮನೆ ಬಾಗಿಲಿನ ಗಿರಾಕಿಗಳು, ವಾರದ ಸಂತೆಗೆ ಬರುವವರು. ಎರಡೆರಡು ಗುಂಟೆಯಂತೆ ಎರಡು ದಿನಕ್ಕೊಮ್ಮೆ ಕಿತ್ತು ಅವರಿಗೆ ಮುಟ್ಟಿಸಿ. ಮಾರಾಟವಾಗದೆ ಉಳಿದ ಸಾಲು ಹೊಲದಲ್ಲೇ ಬಲಿಯಲಿ, ಸೊಪ್ಪು ಕೊಯ್ದ 10-15 ದಿನಕ್ಕೆ ಸಿಪ್ಪೆ ಗಟ್ಟಿಯಾಗುತ್ತದೆ, ಅದನ್ನು ಮಂಡಿಗೆ ಹಾಕಿ.

ಈಗ ಕಂದು ಮಚ್ಚೆ. ಅದು ರೋಗವಲ್ಲ, ಸಿಪ್ಪೆ ಸುಲಿದ ಜಾಗ ಗಾಳಿಗೆ ಕಂದಾದದ್ದು. ಕೀಳುವ ನಾಲ್ಕೈದು ದಿನ ಮೊದಲೇ ನೀರು ನಿಲ್ಲಿಸಿ. ಒದ್ದೆ ಮಣ್ಣಿನಲ್ಲಿ ಕಿತ್ತರೆ ಮಣ್ಣಿನ ಜೊತೆ ಸಿಪ್ಪೆಯೂ ಹೋಗುತ್ತದೆ, ತೀರಾ ಒಣಗಿದ್ದರೆ ಹೆಂಟೆ ಉಜ್ಜುತ್ತದೆ. ಬಿಸಿಲು ಏರುವ ಮೊದಲು ಕೆಲಸ ಮುಗಿಸಿ. ಗುದ್ದಲಿಯನ್ನು ಬುಡದಿಂದ ಒಂದು ಅಡಿ ಆಚೆ ಹಾಕಿ ದಿಂಡನ್ನು ಅಡಿಯಿಂದ ಎತ್ತಿ, ಗೆಡ್ಡೆಯನ್ನು ಕೈಯಿಂದಲೇ ಬಿಡಿಸಿ. ಬುಟ್ಟಿಗೆ ಎಸೆಯದೆ ಇಡುವಂತೆ ಆಳುಗಳಿಗೆ ಹೇಳಿ. ನೆರಳಲ್ಲಿ ಒಂದು ಗಂಟೆ ಮೇಲ್ಮೈ ಆರಿದ ಮೇಲೆ, ತಳಕ್ಕೆ ಕಾಗದವೋ ಗೋಣಿಯೋ ಹಾಸಿದ 20 ಕೆ.ಜಿ. ಕ್ರೇಟಿಗೆ ತುಂಬಿ. 50 ಕೆ.ಜಿ. ಚೀಲದಲ್ಲಿ ಅದುಮಿ ಲಾರಿಗೆ ಎತ್ತಿ ಎಸೆದರೆ ಅರ್ಧ ಸಿಪ್ಪೆ ಚೀಲದ ಒಳಮೈಗೇ ಅಂಟುತ್ತದೆ. ತೊಳೆಯಬೇಡಿ. ಅಂಟಿದ ಒಣ ಮಣ್ಣು ಇದ್ದರೆ ಎರಡು ದಿನ ಹೆಚ್ಚು ಬಾಳುತ್ತದೆ. ಗಿರಾಕಿ ತೊಳೆದದ್ದೇ ಬೇಕೆಂದರೆ ಅಂದೇ ಮಾರುವಷ್ಟನ್ನು ಮಾತ್ರ ತೊಳೆದು ನೆರಳಲ್ಲಿ ಆರಿಸಿ.

ಮಂಡಿಗೆ ಹಾಕುವವರಿಗೆ ಒಂದು ಮಾತು. ದಲ್ಲಾಳಿಯ ಕಮಿಷನ್ ಕೊಡಬೇಕಾದವರು ಕೊಳ್ಳುವವರು, ರೈತರ ಹಣದಲ್ಲಿ ಅದನ್ನು ಮುರಿದುಕೊಳ್ಳುವಂತಿಲ್ಲ. ಬಿಳಿ ಚೀಟಿಯಲ್ಲಿ ಲೆಕ್ಕ ಬರೆದು ಕೊಟ್ಟರೆ ಒಪ್ಪದೆ, ತೂಕ, ದರ, ಕಡಿತ ಮೂರೂ ಇರುವ ಅಧಿಕೃತ ರಸೀದಿ ಕೇಳಿ ಪಡೆಯಿರಿ. ದೂರು ಕೊಡಬೇಕಾಗಿ ಬಂದರೆ ಕೈಯಲ್ಲಿರುವ ಸಾಕ್ಷಿ ಅದೊಂದೇ.

ಪ್ರಶ್ನೆ: ಕೆಂಪು ಮಣ್ಣು ಮೆತ್ತಿದ "ಹೊಸ" ಆಲೂಗೆಡ್ಡೆ ತಂದು ನೀರಿಗೆ ಹಾಕಿದರೆ ಬಣ್ಣ ಬಿಟ್ಟಿತು. ಕೈಗೂ ಅಂಟಿತು. ತಿನ್ನಬಹುದೇ? (ಸರಸ್ವತಿಪುರಂ, ಮೈಸೂರು)

ಉತ್ತರ: ತಿನ್ನಬೇಡಿ ಎಂದೇ ಹೇಳುತ್ತೇವೆ. ಶೈತ್ಯಾಗಾರದ ಹಳೆ ಗೆಡ್ಡೆಯ ಸಿಪ್ಪೆಯನ್ನು ರಾಸಾಯನಿಕದಿಂದ ತೆಳ್ಳಗೆ ಮಾಡಿ, ಕಾವಿ ಮಣ್ಣು ಅಥವಾ ಬಣ್ಣ ಮೆತ್ತಿ ಹೊಸದೆಂದು ಮಾರುವ ಮೋಸ ದೇಶದ ಹಲವೆಡೆ ಪತ್ತೆಯಾಗಿದೆ. ಹೊಲದ ಮಣ್ಣು ನೀರಿನಲ್ಲಿ ತಳಕ್ಕೆ ಕೂರುತ್ತದೆ, ಮೇಲಿನ ನೀರು ಹೆಚ್ಚು ಕಡಿಮೆ ತಿಳಿಯಾಗುತ್ತದೆ. ಬಣ್ಣವಾದರೆ ನೀರೆಲ್ಲ ಒಂದೇ ಸಮ ಕೆಂಪಾಗಿ ಹಾಗೇ ನಿಲ್ಲುತ್ತದೆ. ಮೂಸಿ ನೋಡಿ. ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ಸರಿ, ಘಾಟು ಬಂದರೆ ಹಿಂದಿರುಗಿಸಿ. ಕತ್ತರಿಸಿದಾಗ ಒಳಗೆ ಮೆತ್ತಗೆ, ಕಣ್ಣುಗಳಲ್ಲಿ ಮೊಳಕೆ ಚಿವುಟಿದ ಗುರುತು ಇದ್ದರೆ ಅದು ಹಳೆಯದು. ಇಲ್ಲಿನ ಮುಂಗಾರು ಬೆಳೆ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ, ಹಿಂಗಾರಿನದು ಜನವರಿಯಿಂದ ಮಾರ್ಚ್‌ವರೆಗೆ ಬರುತ್ತದೆ. ಮೇ ತಿಂಗಳಲ್ಲಿ "ಹಾಸನದ ಹೊಸ ಗೆಡ್ಡೆ" ಎಂದರೆ ಅಲ್ಲೇ ಅನುಮಾನ ಪಡಿ.

ಪ್ರಶ್ನೆ: ಹೊಸ ಆಲೂಗೆಡ್ಡೆ ಎಷ್ಟು ದಿನ ಇಡಬಹುದು? ಫ್ರಿಜ್ಜಿನಲ್ಲಿ ಇಟ್ಟರೆ ಸಿಹಿಯಾಗುತ್ತದೆ. ಹಸಿರಾದ ಭಾಗ ತೆಗೆದು ಬಳಸಬಹುದೇ? (ಶ್ರೀರಂಗಪಟ್ಟಣ)

ಉತ್ತರ: ನಮ್ಮ ಹವೆಯಲ್ಲಿ ವಾರಕ್ಕಿಂತ ಹೆಚ್ಚು ಇಡಬೇಡಿ. ತೆಳು ಸಿಪ್ಪೆಯಿಂದ ನೀರು ಬೇಗ ಆರಿ ಸುಕ್ಕಾಗುತ್ತದೆ. ಬಿದಿರಿನ ಬುಟ್ಟಿಯಲ್ಲಿ, ಕತ್ತಲ ಮೂಲೆಯಲ್ಲಿ, ಮೇಲೊಂದು ಹತ್ತಿಬಟ್ಟೆ ಮುಚ್ಚಿ ಇಡಿ, ಈರುಳ್ಳಿಯಿಂದ ದೂರ. ಪ್ಲಾಸ್ಟಿಕ್ ಚೀಲ ಬೇಡ, ಬೆವರಿ ಕೊಳೆಯುತ್ತದೆ. ತೀರಾ ತಂಪಿನಲ್ಲಿ ಗೆಡ್ಡೆಯ ಪಿಷ್ಟ ಸಕ್ಕರೆಯಾಗುತ್ತದೆ, ನಿಮಗೆ ಸಿಹಿ ಸಿಕ್ಕಿದ್ದು ಅದರಿಂದ. ಅಂಥದ್ದನ್ನು ಬೇಯಿಸಿ ತಿನ್ನಿ, ಎಣ್ಣೆಯಲ್ಲಿ ಕರಿಯಬೇಡಿ. ಬೇಗ ಕಪ್ಪಾಗುತ್ತದೆ, ಅಕ್ರಿಲಮೈಡ್ ಎಂಬ ಹಾನಿಕರ ವಸ್ತುವೂ ಹೆಚ್ಚುತ್ತದೆ.

ಹಸಿರು ಬಣ್ಣ ತನ್ನಷ್ಟಕ್ಕೆ ವಿಷವಲ್ಲ. ಆದರೆ ಬೆಳಕು ತಾಗಿದ್ದರ ಗುರುತು ಅದು, ಅದೇ ಬೆಳಕಿಗೆ ಸೊಲನಿನ್ ಎಂಬ ಕಹಿ ವಿಷವೂ ಹೆಚ್ಚಿರುತ್ತದೆ. ಬೇಯಿಸಿದರೆ ಅದು ಹೋಗುವುದಿಲ್ಲ. ಉಗುರಿನಷ್ಟು ಜಾಗ ಹಸಿರಾಗಿದ್ದರೆ ಸುತ್ತ ದಪ್ಪಗೆ ಕೆತ್ತಿ ತೆಗೆಯಿರಿ. ಕಾಲು ಭಾಗ ಹಸಿರಾಗಿದ್ದರೆ, ಬೆಂದ ಮೇಲೂ ಕಹಿಯಾಗಿ ಗಂಟಲು ಕೆರೆದರೆ, ಎಸೆಯಿರಿ. ಹೊಸ ಗೆಡ್ಡೆಯನ್ನು ಸಿಪ್ಪೆ ಸಮೇತ ತಿನ್ನುವುದರಿಂದ ಇಲ್ಲಿ ಇನ್ನಷ್ಟು ಎಚ್ಚರ ಬೇಕು. ಮಕ್ಕಳ ತಟ್ಟೆಗಂತೂ ಹಾಕಲೇಬೇಡಿ. ದನಕ್ಕೂ ಬೇಡ.

ಪ್ರಶ್ನೆ: ಸಾರಿಗೆ ಹಾಕಿದ ಹೊಸ ಆಲೂಗೆಡ್ಡೆ ಅರ್ಧ ಗಂಟೆ ಕುದಿಸಿದರೂ ಕಲ್ಲಿನಂತೆ ಉಳಿಯಿತು. ಕುಕ್ಕರಿನಲ್ಲಿ ಇಟ್ಟರೆ ಸಿಪ್ಪೆ ಒಡೆಯಿತು. ಸರಿಯಾದ ಹದ ತಿಳಿಸಿ. ಅವರೆಕಾಯಿ ಕಾಲದಲ್ಲಿ ಮುದ್ದೆಗೆ ಒಪ್ಪುವ ಸಾರು ಇದ್ದರೆ ಅದನ್ನೂ. (ಮದ್ದೂರು)

ಉತ್ತರ: ಹುಣಸೆ ಹುಳಿಯನ್ನೋ ಟೊಮ್ಯಾಟೊವನ್ನೋ ಮೊದಲೇ ಹಾಕಿದ್ದೀರಿ. ತರಕಾರಿಯ ಕಣಗಳನ್ನು ಅಂಟಿಸಿ ಹಿಡಿದ ಪದಾರ್ಥ ಹುಳಿಯಲ್ಲಿ ಕರಗುವುದಿಲ್ಲ, ಎಷ್ಟು ಕುದಿಸಿದರೂ ಗೆಡ್ಡೆ ಮೆತ್ತಗಾಗುವುದಿಲ್ಲ. ಗೆಡ್ಡೆ ಮುಕ್ಕಾಲು ಬೆಂದ ಮೇಲೇ ಹುಳಿ.

ಬರೀ ಬೇಯಿಸುವುದಾದರೆ ಕುಕ್ಕರಿಗಿಂತ ಇಡ್ಲಿ ಪಾತ್ರೆ ಮೇಲು. ಒಂದೂವರೆ ಅಂಗುಲದ ಗೆಡ್ಡೆ ಹಬೆಯಲ್ಲಿ 15ರಿಂದ 20 ನಿಮಿಷಕ್ಕೆ ಬೇಯುತ್ತದೆ. ನೀರಿನಲ್ಲಾದರೆ ಲೀಟರಿಗೆ ಎರಡು ಟೀ ಚಮಚ ಉಪ್ಪು ಹಾಕಿ ಸಣ್ಣ ಉರಿ. ಚಾಕುವಿನ ತುದಿ ತಡೆಯಿಲ್ಲದೆ ಇಳಿದರೆ ತಕ್ಷಣ ಬಸಿಯಿರಿ. ಸಿಪ್ಪೆ ಕೆರೆಯುವ ಅಗತ್ಯವೇ ಇಲ್ಲ, ಒರಟು ಬಟ್ಟೆಯಲ್ಲಿ ಉಜ್ಜಿ ತೊಳೆದರೆ ಸಾಕು.

ಸಂಕ್ರಾಂತಿಯ ಆಸುಪಾಸು ಸೊಗಡಿನ ಅವರೆಯೂ ಹೊಸ ಗೆಡ್ಡೆಯೂ ಒಟ್ಟಿಗೇ ಸಿಗುತ್ತವೆ. ನಾಲ್ಕೈದು ಜನಕ್ಕೆ ಹಿತಕಿದ ಅವರೆಬೇಳೆ ಎರಡು ಬಟ್ಟಲು, ನೆಲ್ಲಿಕಾಯಿಗಿಂತ ತುಸು ದಪ್ಪನೆಯ ಹೊಸ ಗೆಡ್ಡೆ 300 ಗ್ರಾಂ. ಅರ್ಧ ಬಟ್ಟಲು ತೆಂಗಿನ ತುರಿ, ಹುರಿದ ಒಂದು ಈರುಳ್ಳಿ, ಏಳೆಂಟು ಎಸಳು ಬೆಳ್ಳುಳ್ಳಿ, ಒಂದಂಗುಲ ಶುಂಠಿ, ಒಂದು ಚಮಚ ಗಸಗಸೆ, ಎರಡು ಲವಂಗ, ಒಂದು ಚೂರು ಚಕ್ಕೆ, ಎರಡು ಚಮಚ ಸಾರಿನ ಪುಡಿ, ಒಂದು ಹಿಡಿ ಕೊತ್ತಂಬರಿ ಸೊಪ್ಪು ಸೇರಿಸಿ ನುಣ್ಣಗೆ ರುಬ್ಬಿ. ಒಂದು ಟೊಮ್ಯಾಟೊ ಬೇರೆಯಾಗಿ ಹೆಚ್ಚಿಡಿ. ಒಗ್ಗರಣೆಯಲ್ಲಿ ಗೆಡ್ಡೆಗಳನ್ನು ಇಡಿಯಾಗಿಯೇ, ಒಂದೊಂದಕ್ಕೂ ಕಡ್ಡಿಯಿಂದ ಎರಡು ಕಡೆ ಚುಚ್ಚಿ, ಐದು ನಿಮಿಷ ಬಾಡಿಸಿ. ಚುಚ್ಚದಿದ್ದರೆ ಮಸಾಲೆ ಸಿಪ್ಪೆಯಾಚೆಗೇ ನಿಲ್ಲುತ್ತದೆ. ಮುಳುಗುವಷ್ಟು ನೀರು, ಉಪ್ಪು ಹಾಕಿ ಹತ್ತು ನಿಮಿಷ ಬೇಯಿಸಿ, ಆಮೇಲೆ ಬೇಳೆ ಹಾಕಿ ಇನ್ನೊಂದು ಎಂಟು ಹತ್ತು ನಿಮಿಷ. ಬೇಳೆ ಬೆರಳಿಗೆ ಹಿಸುಕಿದರೆ ರುಬ್ಬಿದ್ದೂ ಟೊಮ್ಯಾಟೊವೂ ಸೇರಿಸಿ ಹಸಿ ವಾಸನೆ ಹೋಗುವವರೆಗೆ ಕುದಿಸಿ. ಹಳೆ ಗೆಡ್ಡೆ ಹಾಕಿದರೆ ಕರಗಿ ಸಾರು ಮಂದವಾಗುತ್ತದೆ, ಹೊಸದು ಇಡಿಯಾಗಿಯೇ ಉಳಿದು ಬಾಯಲ್ಲಿ ಬೆಣ್ಣೆಯಂತೆ ಒಡೆಯುತ್ತದೆ. ಸಾರು ಕೆಳಗಿಟ್ಟು ಕಾಲು ಗಂಟೆ ಮುಚ್ಚಿಟ್ಟರೆ ಗೆಡ್ಡೆ ರಸ ಎಳೆದುಕೊಳ್ಳುತ್ತದೆ. ಆ ಹೊತ್ತಿನಲ್ಲಿ ಮುದ್ದೆ ತೊಳಸಿಕೊಳ್ಳಿ.

ಪ್ರಶ್ನೆ: ಹೊಸ ಆಲೂಗೆಡ್ಡೆಯಲ್ಲಿ ಚಿಪ್ಸ್, ಹಪ್ಪಳ, ಮಸಾಲೆದೋಸೆಯ ಪಲ್ಯ ಆಗುತ್ತದೆಯೇ? (ಮಂಡ್ಯ)

ಉತ್ತರ: ಮೂರಕ್ಕೂ ಬೇಡ. ನೀರು ಹೆಚ್ಚು, ಪಿಷ್ಟ ಕಡಿಮೆ. ಚಿಪ್ಸ್ ಎಣ್ಣೆ ಕುಡಿದು ಕಂದಾಗುತ್ತದೆ, ಹಪ್ಪಳದ ಹಿಟ್ಟು ಅಂಟಾಗಿ ಲಟ್ಟಣಿಗೆಗೆ ಹಿಡಿಯುತ್ತದೆ, ಪಲ್ಯಕ್ಕೆ ಹಿಸುಕಿದರೆ ಹಿಟ್ಟಾಗಿ ಉದುರುವ ಬದಲು ಗೋಂದಿನಂತಾಗುತ್ತದೆ. ಅವಕ್ಕೆ ಬಲಿತ ಗೆಡ್ಡೆಯೇ ಸರಿ. ಹೊಸದು ಸಾಗು, ಹುರಿದ ಪಲ್ಯ, ಮೊಸರುಬಜ್ಜಿಗೆ ಇರಲಿ.

ಪ್ರಶ್ನೆ: ಸಕ್ಕರೆ ಕಾಯಿಲೆ ಇದ್ದವರಿಗೆ ಹೊಸ ಗೆಡ್ಡೆ ಒಳ್ಳೆಯದೆನ್ನುತ್ತಾರೆ, ನಿಜವೇ? (ನಂಜನಗೂಡು)

ಉತ್ತರ: ಪಿಷ್ಟ ತುಸು ಕಡಿಮೆ, ವಿಟಮಿನ್ ಸಿ ಹಳೆಯದಕ್ಕಿಂತ ಹೆಚ್ಚು, ಅಷ್ಟು ನಿಜ. ಆದರೂ ಅದು ಅನ್ನ-ಮುದ್ದೆಯ ಲೆಕ್ಕಕ್ಕೇ ಸೇರುತ್ತದೆ, ತರಕಾರಿಯ ಲೆಕ್ಕಕ್ಕಲ್ಲ. ಗೆಡ್ಡೆ ತಿಂದ ಹೊತ್ತು ಮುದ್ದೆಯನ್ನೋ ಅನ್ನವನ್ನೋ ಅಷ್ಟು ಕಡಿಮೆ ಮಾಡಿ, ಪ್ರಮಾಣ ಎಷ್ಟೆಂದು ನಿಮ್ಮ ವೈದ್ಯರನ್ನು ಕೇಳಿ.

ಪ್ರಶ್ನೆ: ತಾರಸಿಯಲ್ಲಿ ಚೀಲದಲ್ಲಿ ಬೆಳೆಯಲು ಹೋಗಿ ಬರೀ ಸೊಪ್ಪು ಬಂತು, ಬುಡದಲ್ಲಿ ಕಡಲೆಕಾಯಿಯಷ್ಟು ಗೆಡ್ಡೆ. (ಜಯಲಕ್ಷ್ಮೀಪುರಂ, ಮೈಸೂರು)

ಉತ್ತರ: ನೆಟ್ಟ ತಿಂಗಳು ಬರೆದಿಲ್ಲ, ಬೇಸಿಗೆಯಲ್ಲಿ ನೆಟ್ಟಿದ್ದರೆ ಹೀಗೇ ಆಗುವುದು. ತಾರಸಿಯ ಕಾವಿನಲ್ಲಿ ಚೀಲದ ಮಣ್ಣು 30 ಡಿಗ್ರಿ ದಾಟಿದರೆ ಗೆಡ್ಡೆ ಕಟ್ಟುವುದು ನಿಂತೇಹೋಗುತ್ತದೆ. ಅಕ್ಟೋಬರ್ ಕೊನೆಯಿಂದ ನವೆಂಬರ್ ಮಧ್ಯದೊಳಗೆ ನೆಡಿ. ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ಚೀಲ, ತಳದಲ್ಲಿ ಏಳೆಂಟು ತೂತು. ಕೆಂಪು ಮಣ್ಣು ಎರಡು ಪಾಲು, ಕಳಿತ ಗೊಬ್ಬರ ಒಂದು ಪಾಲು, ತೆಂಗಿನ ನಾರಿನ ಪುಡಿ ಒಂದು ಪಾಲು. ತಳಕ್ಕೆ ಅರ್ಧ ಅಡಿ ತುಂಬಿ, ಮೊಳಕೆ ಬಂದ ಮೂರು ಗೆಡ್ಡೆ ಇಟ್ಟು, ಮೂರಂಗುಲ ಮುಚ್ಚಿ. ಗಿಡ ಏಳುತ್ತಾ ಹೋದಂತೆ ಎರಡು ಕಂತಿನಲ್ಲಿ ಚೀಲ ತುಂಬಿಸಿ. ಬಿಸಿಲು ಆರು ಗಂಟೆ ಬೇಕು, ಆದರೆ ಚೀಲದ ಮೈಗೆ ಬೀಳದಂತೆ ಒದ್ದೆ ಗೋಣಿ ಸುತ್ತಿ, ಇಟ್ಟಿಗೆಯ ಮೇಲೆ ಇಡಿ. ಅಂಗಡಿಯ ಅಡುಗೆ ಗೆಡ್ಡೆಯಲ್ಲಿ ನಂಜುರೋಗ ಇರಬಹುದು, ಬಿತ್ತನೆ ಗೆಡ್ಡೆ ಸಿಕ್ಕಿದರೆ ಅದೇ ಲೇಸು. 60ನೇ ದಿನ ಚೀಲದ ಒಂದು ಬದಿಯಿಂದ ಕೈ ಇಳಿಸಿ ತಡಕಿ. ಕೋಳಿಮೊಟ್ಟೆ ಗಾತ್ರದ್ದು ಸಿಕ್ಕಿದರೆ ಅದನ್ನಷ್ಟೇ ಬಿಡಿಸಿಕೊಂಡು ಮಣ್ಣು ಮುಚ್ಚಿ, ಉಳಿದವು ಇನ್ನೆರಡು ವಾರ ಬೆಳೆಯುತ್ತವೆ. ಚೆನ್ನಾಗಿ ಬಂದ ಚೀಲದಿಂದ ಒಂದರಿಂದ ಒಂದೂವರೆ ಕೆ.ಜಿ. ನಿರೀಕ್ಷಿಸಬಹುದು. ಮುಗಿದ ಮಣ್ಣಿಗೆ ಮುಂದೆ ಟೊಮ್ಯಾಟೊ ಹಾಕಬೇಡಿ, ಹುರುಳಿಕಾಯಿಯೋ ಸೊಪ್ಪೋ ಹಾಕಿ.